ಬಲಗಡೆಯಿಂದ ಕರೀರಿ

ಎರಡನೇ ಪಾಳಿ ಬಿಡೋ ಹೊತ್ತು.
ಗುಂಡಿ ಮಿಷನ್ನಿನ ಕಟ್ ಕಟ್ ಇನ್ನೂ ತಲೆಯೊಳಗೇ ಇತ್ತು.
ಮುಂಡರಗಿಯ ವಾಷಿಂಗ್ ಘಟಕದ ಮೋರಿ ದಾಟಿ
ಬಂತೊಂದು ನಾಯಿ:
ಮೈಯೆಲ್ಲ ಜೋಳದ ಬಣ್ಣ,
ಮೊಣಕಾಲ ತನಕ ಜೀನ್ಸ್.

ನಕ್ಕೆವು ಮೊದಲು.
ಆಮೇಲೆ ಕಂಡಿತು ಕೊರಳಲ್ಲಿ ಬಿಲ್ಲೆ,
ಅದರ ತುಂಬ ಚೌಕ ಚೌಕ ಕಪ್ಪು ಚುಕ್ಕಿ,
ಎರ್ರಿಸ್ವಾಮಿ ಚಹಾದಂಗಡಿಯ ಬರಣಿಗೆ ಅಂಟಿಸಿದಾನಲ್ಲ, ಅಂಥದೇ.
"ಮುಟ್ಟಬ್ಯಾಡೇ, ರೊಕ್ಕ ಕಟ್ಟಾಗತೈತಿ" ಅಂದಳು ಮಾಬುನ್ನಿ.
ನಾಯಿಯ ರೊಕ್ಕ ಯಾವ ಬ್ಯಾಂಕಿನಾಗೈತಿ ಅಂತ ನಕ್ಕೆನಾದರೂ
ಒಳಗೊಳಗೇ ಪುಕುಪುಕು:
ತಿಂಗಳ ಕೊನೆ, ಖಾತೆಯಲ್ಲಿ ನಲವತ್ತೊಂದು ರೂಪಾಯಿ.

ಅದಿರಿನ ಧೂಳು ಕೂತು ಚುಕ್ಕಿಗೆ ಚುಕ್ಕಿ ಅಂಟಿತ್ತು.
ಸೆರಗಿಗೆ ಎಂಜಲು ಹಚ್ಚಿ ಒರೆಸಿದೆ.
ಮುಖ ಎತ್ತಿ ನಿಂತಿತು,
ಮೂಗು ಚುಚ್ಚಿಸಿಕೊಳ್ಳೋ ಹುಡುಗಿ ಹಾಗೆ.
ಹೊನ್ನೂರಸ್ವಾಮಿ ಮೊಬೈಲು ಹಿಡಿದ. ಆಗಲಿಲ್ಲ.
ಟಾರ್ಚ್ ಬಿಟ್ಟು ಇನ್ನೊಮ್ಮೆ ಹಿಡಿದ.
ಮಾತಾಡಿತು ನಾಯಿ:

ನನ್ನ ಹೆಸರು ಸಜ್ಜಕ.
ದಾರಿ ತಪ್ಪೀನಿ.
ಎಡಗಿವಿ ಕೇಳಸಂಗಿಲ್ಲ, ಬಲಗಡೆಯಿಂದ ಕರೀರಿ.
ಪಟಾಕಿ ಅಂದ್ರೆ ಜೀವ ಹೋಗತೈತಿ.
ಮಿರ್ಚಿ ಕೊಡಬ್ಯಾಡ್ರಿ, ಕೇಳಿದ್ರೂ.
ಮನೀಗೆ ಒಂದು ಫೋನ್ ಹಚ್ರಿ.

ಬಲಗಡೆ ಸರಿದು ಕರೆದೆ: ಸಜ್ಜಕಾ.
ಬಾಲವೇನು, ಬೀಸಣಿಗೆ.

ಫೋನು ಎತ್ತಿದವರು ಹಲೋ ಕೂಡ ಅನ್ನಲಿಲ್ಲ.
ಹಿಂದೆ ಡೋಲು, ಡ್ರಮ್ಮು, ಯಾರದೋ ಶಿಳ್ಳೆ,
ಆಮೇಲೆ ಬರೀ ಸ್ಕೂಟರಿನ ಸದ್ದು.

ಅರ್ಧ ಗಂಟೆಗೆ ಬಂದವನು ಕೌಲ್‌ಬಜಾರಿನ ಬ್ಯಾಂಡ್‌ಸೆಟ್ಟಿನವ.
ಕೆಂಪು ಕೋಟು, ಹೆಗಲಿಗೆ ಜರಿ, ಬೆನ್ನಿಗೆ ಕ್ಲಾರಿನೆಟ್.
"ಮೆರವಣಿಗೆ ಅರ್ಧಕ್ಕೇ ಬಿಟ್ಟು ಬಂದೀನಿ,
ಮದುಮಗ ಕುದುರಿ ಮ್ಯಾಲೆ ಕೂತಿರಲಿ ಒಂದೀಟು."
ಹೋದ ವಾರದ ಮದುವೇಲಿ, ತಾನು ಊದುತ್ತಿರುವಾಗಲೇ,
ಸರಪಟಾಕಿಗೆ ಬೆಚ್ಚಿ ಓಡಿತ್ತಂತೆ.
ಜರಿ ಕೊಳೆಯಾಗುತ್ತದೆ ಅನ್ನದೆ ನೆಲಕ್ಕೆ ಕೂತ,
ಬಲಗಿವಿಯೊಳಗೆ ಏನೋ ಅಂದ.
ನಮಗದು ಕೇಳಲಿಲ್ಲ. ನಮ್ಮದಲ್ಲ ಆ ಮಾತು.

ಏಳುತ್ತಾ ಕೇಳಿದ:
"ಅಕ್ಕಾ, ಈ ನೀಲಿ ಯಾವಾಗ ಹೋಗತೈತಿ?"
ನನ್ನ ಉಗುರು ತೋರಿಸಿದೆ.

ಸ್ಕೂಟರು ಹೋಯಿತು, ಮುಂದುಗಡೆ ನಾಲ್ಕು ನೀಲಿ ಕಾಲು.
ಕೈ ಸುಮ್ಮನೆ ನನ್ನ ಕೊರಳಿಗೆ ಹೋಯಿತು:
ಘಟಕದ ಬಿಲ್ಲೆ. ನಂಬರು, ಲೈನು, ಪಾಳಿ.
ಮಿಷನ್ನಿನ ಪಕ್ಕ ಹನ್ನೊಂದು ವರ್ಷ ಕೂತ ಕಿವಿಯ ಬಗ್ಗೆ
ಅದರಲ್ಲೇನೂ ಬರೆದಿಲ್ಲ.

ಎಷ್ಟೊತ್ತಿಂದ ಕರೆಯುತ್ತಿದ್ದಳೋ ಮಾಬುನ್ನಿ,
ಸುತ್ತಿಕೊಂಡು
ಬಲಗಡೆಗೆ ಬಂದಳು.