ಮೇಣದ ಲೆಕ್ಕ

ಮಂಡಿಗೆ ಆರು ಔನ್ಸು. ಕಿವಿಗೆ ಒಂದೂವರೆ.
ಮೊಲೆಗೆ ಮೂರು, ಹಾಲೂಡುವವಳದಾದರೆ ನಾಲ್ಕು.
ಹೃದಯ ಅಗ್ಗ. ಯಾರೂ ಕಂಡದ್ದಲ್ಲವಲ್ಲ,
ಅಚ್ಚು ಹೇಗಿದ್ದರೂ ನಡೆಯುತ್ತದೆ.

ಡೆಮರ್ ಹೊಳೆಯ ದಂಡೆ, ತೊಗಲು ಹದ ಮಾಡುವವರ ಓಣಿ,
ಕೊನೆಯ ಮನೆ ನನ್ನದು. ಆ ನಾತದ ನಡುವೆ
ಜೇನಿನ ವಾಸನೆ ಎಲ್ಲಿ ಬರುತ್ತದೋ ಅಲ್ಲಿ ಬಾಗಿಲು ತಟ್ಟಿ.
ಸತ್ತ ಗಂಡ ಉಳಿಸಿದ್ದು ಹದಿನೇಳು ಅಚ್ಚು, ಒಂದು ತಾಮ್ರದ ಹಂಡೆ,
ಮತ್ತೆ ಮೆಖ್ಟೆಲ್ಡ್ ಎಂದು ಯಾರೂ ಕರೆಯದ ಹಾಗೆ
'ಮೇಣದವಳು' ಎಂಬ ಹೆಸರು.

ಹೆಂಚು ಹೊದಿಸುವ ಗಿಸ್ಬ್ರೆಕ್ಟ್ ಕುಂಟುತ್ತ ಬಂದ:
"ಎಡಗಾಲು ಬೇಕು. ಬಲಗಾಲು ಎರೆದು ಮೋಸ ಮಾಡಬೇಡ,
ಸಂತ ಲಿಯೊನಾರ್ಡನಿಗೆ ಗೊತ್ತಾಗುತ್ತದೆ."
ಅಚ್ಚಿದ್ದದ್ದೇ ಬಲಗಾಲಿನದು.
ಬಿಸಿ ಆರುವ ಮೊದಲೇ ಹೆಬ್ಬೆರಳನ್ನು
ಆ ಕಡೆಯಿಂದ ಈ ಕಡೆಗೆ ತಿದ್ದಿದೆ.
ತಪಸ್ಸುಕಾಲ ಮುಗಿಯುವಷ್ಟರಲ್ಲಿ ಅವನು ಏಣಿ ಹತ್ತಿದ.

ಕಾಲು, ಕೈ, ಹಲ್ಲುಸಾಲು, ಹಸುವಿನ ಕೆಚ್ಚಲು
ಸಂತನ ಪೀಠದ ಮೇಲೆ ಹಗ್ಗದಲ್ಲಿ ನೇತಾಡುವವು,
ಧೂಪಕ್ಕೆ ಕಪ್ಪಾಗಿ, ಬಾಗಿಲು ತೆರೆದಾಗಲೆಲ್ಲ
ಒಂದಕ್ಕೊಂದು ತಾಗುತ್ತ, ಸದ್ದಿಲ್ಲದೆ.
ಜನ ಬೆರಳು ಮಾಡುತ್ತಿದ್ದರು:
"ಅಗೋ, ಆ ಮೂಲೆಯದು ನನ್ನದು."

ಅವರದಾಗಿರಲಿಲ್ಲ.
ಸಕಲ ಸಂತರ ಹಬ್ಬದ ಹಿಂದಿನ ವಾರ, ಕತ್ತಲಾದ ಮೇಲೆ,
ಇಗರ್ಜಿಯ ಲಾಂಬ್ರೆಕ್ಟ್ ಗೋಣಿ ಹೊತ್ತು ಬರುತ್ತಿದ್ದ.
ತೂಕ ಹಾಕುತ್ತಿದ್ದೆವು. ಹಂಡೆಗೆ ಸುರಿಯುತ್ತಿದ್ದೆವು.
ಅತ್ತೆಯ ಕಿವಿ ಸೊಸೆಯ ಬಾಯೊಳಗೆ ಕರಗಿತು.
ಸಾಲ ಕೊಟ್ಟವನ ಕೈ, ತೀರಿಸದವನ ಬೆನ್ನು
ಒಂದೇ ಹಳದಿಯಾಗಿ ಕುದಿದವು.
ಅದೇ ಮೇಣ ಫೆಬ್ರುವರಿಯಲ್ಲಿ ಬತ್ತಿಯಾಗಿ,
ಪಾದ್ರಿಯ ಕೈಯ ಆಶೀರ್ವಾದ ಪಡೆದು
ಊರವರ ಕೈಗೇ ಮರಳುತ್ತಿತ್ತು,
ಮತ್ತೆ ದುಡ್ಡಿಗೆ.
ಪಾಪನಿವೇದನೆಯಲ್ಲಿ ಒಮ್ಮೆ ಇದನ್ನು ಹೇಳಿದೆ.
ಪಾದ್ರಿ ಕೆಮ್ಮಿದರು. ಆಮೇಲೆ ಬೆಲೆ ಕೇಳಿದರು.

ಮೇಣ ಕರಗುತ್ತದೆ, ನೂಲು ಕರಗುವುದಿಲ್ಲ.
ಹಂಡೆಯಲ್ಲಿ ತೇಲುವ ಎಳೆಗಳನ್ನು ಕೋಲಿನಿಂದೆತ್ತಿ
ಒಲೆಗೆ ಎಸೆಯುವುದು ವಾಡಿಕೆ.
ಒಂದನ್ನು ಎಸೆಯಲಿಲ್ಲ.

ದೋಣಿಯ ಯೋರಿಸನ ಮಗಳು ಅಲೇಯ್ಡ, ಮೂರರ ಕೂಸು,
ಜ್ವರದಲ್ಲಿ ಕಾದು ನನ್ನ ಮೇಜಿನ ಮೇಲೆ ಮಲಗಿದ್ದಳು.
ನೆತ್ತಿಯಿಂದ ಹಿಮ್ಮಡಿಗೆ ನೂಲು ಹಿಡಿದು ಅಳೆದೆ.
ಮಗುವಿನುದ್ದದ ಬತ್ತಿ ಸಂತನಿಗೆ, ಅಪ್ಪನ ಹರಕೆ.
ಅಳೆಯುವಾಗ ಅವಳು ತುದಿ ಹಿಡಿದು ಎಳೆದಳು,
ಆಟವೆಂದುಕೊಂಡು.
ಲಾಂಬ್ರೆಕ್ಟ್ ಆ ಬತ್ತಿಯನ್ನು ಹೊತ್ತಿಸಲೇ ಇಲ್ಲ,
ಹಾಗೇ ಗೋಣಿಗೆ ಹಾಕಿಬಿಟ್ಟ.
ಕೂಸು ಬದುಕಿತು.

ಆಮೇಲೆ ಎಷ್ಟೋ ವರ್ಷಕ್ಕೆ, ಆ ಆಗಸ್ಟು.
ಕೊಡಲಿ ಹಿಡಿದವರು ಕೀರ್ತನೆ ಹಾಡುತ್ತ ಬಂದರು,
ಬಣ್ಣದ ಗಾಜು ಒಡೆದರು, ಸಂತನ ಮೂಗು ಮುರಿದರು,
ಮೇಣದ ಕೈಕಾಲುಗಳನ್ನು ಚೌಕದಲ್ಲಿ ತುಳಿದರು.
ಉಳಿದ ಕೆಲಸ ಬಿಸಿಲು ಮಾಡಿತು.
ಆ ರಾತ್ರಿ ಗಿಸ್ಬ್ರೆಕ್ಟ್ ಬಂದ, ಗೋಡೆ ಹಿಡಿದುಕೊಂಡು:
"ನನ್ನ ಕಾಲು ಹೋಯಿತೇ?"
ಹನ್ನೊಂದು ವರ್ಷದ ಹಿಂದೆಯೇ ಹೋಗಿತ್ತು, ಪುಣ್ಯಾತ್ಮ.
ಅದರ ಬೆಳಕಿನಲ್ಲೇ ನಿನ್ನ ಅಮ್ಮನ ಹೆಣದ ಪಕ್ಕ ಕೂತಿದ್ದೆವು.
"ಇಲ್ಲ," ಎಂದೆ, "ಒಳಗೆ ಎತ್ತಿಟ್ಟಿದ್ದೇನೆ."
ನೆಟ್ಟಗೆ ನಡೆದು ಮನೆಗೆ ಹೋದ.

ಅಲೇಯ್ಡ ಬಂದದ್ದು ಮರುವರ್ಷದ ಚಳಿಗೆ,
ಹೊಟ್ಟೆ ಮುಂದೆ, ಅವಳು ಹಿಂದೆ.
ಸಂತನ ಮೂಗಿಗೆ ಇನ್ನೂ ಗಾರೆ ಮೆತ್ತಿರಲಿಲ್ಲ,
ಹೆರಿಗೆಗೆ ಯಾರನ್ನು ಕರೆಯುವುದು?
ಪೆಟ್ಟಿಗೆ ತೆರೆದು ನೂಲು ತೆಗೆದೆ.
ನೆತ್ತಿಯಿಂದ ಹಿಡಿದರೆ ಸೊಂಟದ ಬಳಿ ಮುಗಿಯಿತು.
"ಇಷ್ಟೇ ಇದ್ದೆನೇ?" ನಕ್ಕಳು.
ಅದನ್ನೇ ಹೊಟ್ಟೆಗೆ ಸುತ್ತಿದೆ.
ನಾಲ್ಕು ಬೆರಳು ಸಾಲದೆ ಬಂತು.
ಹೊಸ ಎಳೆ ಸೇರಿಸಿ ಗಂಟು ಹಾಕಿದೆ.

ದುಡ್ಡು ಮುಟ್ಟಲಿಲ್ಲ ಎಂದರೆ ಸುಳ್ಳಾದೀತು.
ಅರ್ಧ ತೆಗೆದುಕೊಂಡೆ.