ದೂರ ನೋಡೋ ಕೆಲಸ

ಕಪನೂರಿನ ಬೇಳೆ ಮಿಲ್ಲಿನ ಗೇಟಿಗಿ
ಹನ್ನೊಂದು ವರ್ಷದಿಂದ ನಾನೇ ಕಾವಲು.
ಪಗಾರ ಕೊಡೋದು ದೂರ ನೋಡ್ಲಿಕ್ಕ.
ಹೋದ ದೀಪಾವಳಿಯಿಂದ ಈಚೆಗಿ
ನಾ ನೋಡಿದ್ದು ಒಂದು ಗೇಣು ದೂರ.

ಆ ಗೇಣಿನಾಚೆ ಒಂದು ಕೋಟೆ ಇತ್ತು.
ಅದರ ಬುರುಜಿನ ಮ್ಯಾಲ ರಾತ್ರಿಯೆಲ್ಲ ಗಸ್ತು,
ಬಂದ ಬಂದ ವೈರಿಗಿ ಹೆಬ್ಬಟ್ಟಿಲೆ ಬಾಣ.
ಅಂಥಾ ಕಾವಲು ಮಿಲ್ಲಿಗಿ ಎಂದೂ ಕಾದಿಲ್ಲ,
ಖರೇ ಹೇಳ್ತೀನಿ.
ಒಂದು ರಾತ್ರಿ ಎರಡು ಬೀಡಾಡಿ ದನ ಒಳಗ ಹೊಕ್ಕು
ತೊಗರಿ ಹೊಟ್ಟು ಮೇದು ಅಲ್ಲೇ ಮಲಗಿದ್ವು.
ನಸುಕಿನಾಗ ಹಮಾಲ ಅಂಬಾರಾಯ ಬಂದು ಎಬ್ಬಿಸಿದ,
ಮೊದಲು ದನಕ್ಕ, ಆಮ್ಯಾಲ ನನಗ.

ಚಳಿಗಾಲದಾಗ ಹೆಬ್ಬಟ್ಟು ಹಿಡಕೊಂಡಿತು.
ಚಹಾದ ಕಪ್ಪು ಎತ್ತಿದರ ಟಕ್ ಅಂತ ಸದ್ದು.
ಕಣ್ಣು ಉರಿ, ಉಸುಕು ಬಿದ್ದಂಗ.
ಮಿಲ್ಲಿನ ಧೂಳು ಅಂತ ನಾನೂ ಅಂದೆ, ಹೆಂಡ್ತಿನೂ ಅಂದ್ಳು;
ಬಾಯಿಲ್ಲದ ಧೂಳು, ಎಷ್ಟು ಬೈದರೂ ಸುಮ್ಮನ.

ನಸೀಮಾ ನರ್ಸಿಂಗ್ ಮೂರನೇ ವರ್ಷ.
ರಜಾಕ್ಕ ಬಂದಾಕಿ ಏನೂ ಬೈಲಿಲ್ಲ.
ಮೊದಲು ಚಾರ್ಜರ್ ಕಿತ್ತಳು.
ಏಪ್ರಿಲ್ ತಿಂಗಳು, ಫೋನು ಕಾದ ಹಂಚು,
ಅದನ್ನ ದಿಂಬಿನ ಕೆಳಗ ಇಟ್ಟು ಮಲಗತಿದ್ದೆ ನಾ.
ಆಮ್ಯಾಲ ಕೇಳಿದ್ಳು, "ಈ ಕಿಂಗ್ ನೈಂಟಿ ಯಾರು?"
ಆಟದಾಗಿನ ದೋಸ್ತ, ಅಂದೆ. ಹೈದರಾಬಾದಿನವ ಅಂತ.
ಮುನ್ನೂರು ವಜ್ರ ಪುಕ್ಕಟ ಕೊಡ್ತೀನಿ ಅಂದಾನ,
ಒಂದು ಓಟಿಪಿ ಹೇಳಿದರ ಸಾಕಂತ.
"ಅಬ್ಬಾ, ಮಿಲ್ಲಿನ ಗೇಟಿಗಿ ರಾತ್ರಿ ಎರಡಕ್ಕ
ಮಾರಿ ಮುಚ್ಚಿಕೊಂಡವ ಬಂದು ಕೀಲಿ ಕೇಳಿದರ?"

ನನ್ನ ಲಾಠಿ ಮೂಲ್ಯಾಗಿತ್ತು.
ನಾ ಅದರ ಕಡೆ ನೋಡಿದೆ.

ಆಟ ಬಿಡು ಅನ್ನಲಿಲ್ಲ ಆಕಿ. ಬಿಟ್ಟೂ ಇಲ್ಲ ನಾ.
ಮಧ್ಯಾಹ್ನ ಎದ್ದ ಮ್ಯಾಲ ಒಂದು ತಾಸು ಅಂತ ಕರಾರು;
ರಾತ್ರಿ ಒಮ್ಮೊಮ್ಮೆ ಮುರೀತೀನಿ.
ಅದಕ್ಕೇ ಇರಬೇಕು, ಹೋಗೋ ಮುಂದ
ಫೋನಿನಾಗ ಒಂದು ಅಲಾರಾಂ ಇಟ್ಟು ಹೋಗ್ಯಾಳ.
ಇಪ್ಪತ್ತು ನಿಮಿಷಕ್ಕೊಮ್ಮೆ ಒದರತದ:
ತಲಿ ಎತ್ತು, ಬೆರಳು ಬಿಚ್ಚು,
ಕಣ್ಣು ಪಿಳಿಪಿಳಿ ಮಾಡು, ದೂರದ್ದೇನರ ನೋಡು.

ಮೊದಲ ದಿನ ದೂರ ಅಂದರ ಬರೇ ಕತ್ತಲ.
ಆಮ್ಯಾಲ ಆಮ್ಯಾಲ ಒಂದೊಂದೇ ಬಂದವು:
ಗೋದಾಮಿನ ತಗಡಿನ ಮ್ಯಾಲ ಬೆಳದಿಂಗಳು,
ಹುಮನಾಬಾದ್ ರಸ್ತಾದಾಗ ಸೋತ ಲಾರಿಯ ದೀಪ,
ಬೇವಿನ ಗಿಡದಾಗ ಒಂದು ಗೂಗಿ,
ಹನ್ನೊಂದು ವರ್ಷದಿಂದ ಅದು ನನ್ನ ನೋಡ್ತಿತ್ತೇನೋ.

ನಿನ್ನಿ ರಾತ್ರಿ ಅಲಾರಾಂ ಒದರಿತು. ತಲಿ ಎತ್ತಿದೆ.
ಚೀಲ ತುಂಬಿದ ಲಾರಿ ಹಿಂದ ಒಂದು ನೀಲಿ ಬೆಳಕು.
"ಯಾರದು?" ಅಂತ ಒದರಿದೆ.
ನನ್ನ ದನಿ ಕೇಳಿ ನಾನೇ ಬೆಚ್ಚಿದೆ, ಎಷ್ಟು ದಿನ ಆಗಿತ್ತೋ.

"ನಾ ಅಂಬಾರಾಯ, ಕಾಕಾ.
ಇದೊಂದೇ ಆಟ. ಮುಗೀಲಿಕ್ಕ ಬಂತು."