ತೆಳು ತೊಗಟೆ

ಎರಡು ಬೇಸಿಗೆ ಹಿಂದೆ ನಾನೇ ತಂದು ತೂಗುಹಾಕಿದ್ದೆ,
ಮೊಳದುದ್ದದ ಆಶ್ ಕೊರಡು, ತಂತಿ ಬಿಗಿದು.
ಒಳಗೆ ಹುಟ್ಟಲಿರುವ ಕಣಜಗಳು.
ರಾಗಿ ಕಾಳಿಗಿಂತ ತುಸು ದೊಡ್ಡವು, ಮನುಷ್ಯರನ್ನು ಕುಟುಕಲಾರವು
ಎಂದು ಮುದ್ರಿಸಿದ ಚೀಟಿಯನ್ನೂ ಅಂಟಿಸಿದ್ದೆ.
ಯಾರು ಓದುತ್ತಾರೆ ಈ ಜೌಗಿನಲ್ಲಿ?
ಮೇಯ್ನ್‌ನ ತುದಿ ಇದು. ಇನ್ನು ನಾಲ್ಕು ಮೈಲಿಗೆ ಕೆನಡಾ.
ಓದಿದವಳು ಫಿಲೊಮೀನ್.

"ಕುಟುಕದ ಕಣಜವೇ? ಮತ್ತೆ ಸೂಜಿ ಯಾಕಂತೆ?"

ಎಪ್ಪತ್ತೊಂದರ ಹೆಂಗಸು. ಕೊಡಲಿಯ ಬೆನ್ನಿನಿಂದ
ಕಪ್ಪು ಆಶ್ ದಿಮ್ಮಿ ಬಡಿಯುತ್ತಿದ್ದವಳು,
ಬಡಿದಲ್ಲೇ ಬಡಿಯದೆ, ಒಂದಂಗುಲ ಸರಿದು, ಮತ್ತೊಂದಂಗುಲ.
ಆಮೇಲೆ ತುದಿ ಹಿಡಿದು ಎಳೆದರೆ
ಒಂದು ವರ್ಷ ಪಟ್ಟಿಯಾಗಿ ಎದ್ದು ಬರುತ್ತಿತ್ತು.
ಇದು ಟೋಮಾ ಹುಟ್ಟಿದ ವರ್ಷ, ಮಳೆಯಿಲ್ಲ, ನೋಡು ಎಷ್ಟು ತೆಳು.
ಇದು ನನ್ನ ಗಂಡ ಲಾರಿ ಕೊಂಡಿದ್ದು.
ಹೆಣೆದು ಮುಗಿಸಿದರೆ
ಆಲೂಗಡ್ಡೆ ಹೊರುವ ಬುಟ್ಟಿ.

ಈಗ ಬಡಿಯಲು ಮರವಿಲ್ಲ.
ಪಚ್ಚೆ ಜೀರುಂಡೆ ಬಂತು, ಸರಕು ಪೆಟ್ಟಿಗೆಯ ಹಲಗೆಯೊಳಗೆ ಕೂತು,
ಸಮುದ್ರ ದಾಟಿ. ಉಂಗುರಕ್ಕೆ ಕಟ್ಟಿಸಿಕೊಳ್ಳುವಷ್ಟು ಚೆಂದ.
ಅದರ ಮರಿಗೆ ಚೆಂದವಿಲ್ಲ, ಹಸಿವಿದೆ.
ತೊಗಟೆಯಡಿ ಹೊರಳಿ ಹೊರಳಿ
ಮರದ ಊಟದ ದಾರಿಯನ್ನೇ ತಿನ್ನುತ್ತದೆ.
ಮೊದಲು ನೆತ್ತಿ ಒಣಗುತ್ತದೆ.
ಮರಕುಟಿಗನಿಗೆ ಗೊತ್ತಾಗುತ್ತದೆ. ನಮಗೆ ಆಮೇಲೆ.

ನವೆಂಬರ್. ನೀರಿನ ಮೇಲೆ ಕೆನೆಯಂಥ ಮಂಜುಗಡ್ಡೆ.
ಟೋಮಾ ತನ್ನ ತೋಳಿನ ಗಾತ್ರದ ಎಳೆ ಮರವೊಂದನ್ನು ಕಡಿದು ಕೊಟ್ಟ.
ನಾನು ಚೂರಿ ಮಲಗಿಸಿ ಸಿಪ್ಪೆ ಸುಲಿದೆ.
ಫಿಲೊಮೀನ್ ಕನ್ನಡಕ ಹಣೆಗೇರಿಸಿ ಬಗ್ಗಿದಳು.
ಒಂದು ಸುರಂಗ, ಮೋಡಿ ಅಕ್ಷರದ ಹಾಗೆ
ಎಡಕ್ಕೆ, ಬಲಕ್ಕೆ, ಹೋಗುತ್ತಾ ದಪ್ಪವಾಗುತ್ತಾ
ಅರ್ಧಕ್ಕೇ ನಿಂತಿತ್ತು.
ಕೊನೆಯಲ್ಲಿ ಕೊರಕ ಹುಳುವಿನ ಚರ್ಮ, ಕಳಚಿಟ್ಟ ಕಾಲುಚೀಲ.
ಅದರ ಸುತ್ತ ನುಚ್ಚಕ್ಕಿಯಂತೆ ಬೆಳ್ಳಗೆ ಏನೋ,
ಉಸಿರು ತಾಗಿದರೆ ಮಿಸುಕುತ್ತಿತ್ತು.

ಹೇಳಿದೆ: ಕಣಜ ತೊಗಟೆಯ ಮೇಲೆ ನಡೆಯುತ್ತದೆ,
ಮೀಸೆಯಿಂದ ತಟ್ಟಿ ತಟ್ಟಿ.
ಒಳಗಿನ ಜಗಿತ ಕಾಲಿಗೆ ತಿಳಿದಲ್ಲಿ ಸೂಜಿ ಇಳಿಸುತ್ತದೆ.
ಹುಳು ಆಮೇಲೂ ಕೆಲವು ದಿನ ತಿನ್ನುತ್ತಲೇ ಇರುತ್ತದೆ,
ತನಗೇ ಎಂದುಕೊಂಡು.
ಕಣಜದ ಮಕ್ಕಳಿಗೆ ಅದರ ಮೈಯೇ ಕಣಜ.

"ಥೂ," ಅಂದ ಟೋಮಾ.

"ತಟ್ಟಲೇಬೇಕು," ಅಂದಳು ಫಿಲೊಮೀನ್.
"ತಟ್ಟದೆ ಯಾವ ಮರವೂ ಬಾಯಿ ಬಿಡುವುದಿಲ್ಲ."
ಬೆರಳು ಮುಟ್ಟಿಸದೆ ಎಣಿಸತೊಡಗಿದಳು,
ಪಟ್ಟಿ ಎಣಿಸುವ ಹಾಗೆ, ತನ್ನ ಭಾಷೆಯಲ್ಲಿ,
ನಡುವೆ ತಪ್ಪಿ, ಮತ್ತೆ ಮೊದಲಿಂದ.
ನಲವತ್ತಮೂರು.

ಆಮೇಲೆ, ನಾನು ಹೆದರಿದ್ದ ಪ್ರಶ್ನೆ.
"ಹಾಗಾದರೆ ಆ ದೊಡ್ಡವು?"
ತೊರೆಯಂಚಿನ ನಾಲ್ಕು ಹಳೆಯ ಮರಗಳತ್ತ ಗಲ್ಲ ಎತ್ತಿ.

ಸೂಜಿ ಗಿಡ್ಡ, ಅಂದೆ. ದಪ್ಪ ತೊಗಟೆಗೆ ಎಟುಕುವುದಿಲ್ಲ.
ಎಳೆಯವನ್ನು ಕಾಯುತ್ತದೆ,
ತೊಗಟೆ ತೆಳುವಿರುವಷ್ಟು ದಿನ.
"ಆಮೇಲೆ?"
ಆಮೇಲಕ್ಕೆ ಇನ್ನೊಂದು ಜಾತಿ ಸಾಕುತ್ತಿದ್ದೇವೆ, ಉದ್ದ ಸೂಜಿಯದು.
ಈ ಜೌಗಿನಲ್ಲಿ ನೆಲೆ ನಿಲ್ಲುತ್ತದೋ, ನೋಡಬೇಕು.

ನಕ್ಕಳು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.
"ಬುಟ್ಟಿಗಾಗುವ ಮರಕ್ಕೆ ಎಂಬತ್ತು ವರ್ಷ.
ನನಗೆ ಎಪ್ಪತ್ತೊಂದು. ಲೆಕ್ಕ ನೀನೇ ಮಾಡು."

ಫಾರಮ್ಮಿನಲ್ಲಿ ಬರೆದೆ:
ತೊಗಟೆ ಮೂರು ಮಿಲಿಮೀಟರ್.
ಕಣಜದ ಮರಿ ನಲವತ್ತಮೂರು.
ಷರಾ ಎಂಬ ಅಂಕಣ ಖಾಲಿ ಬಿಟ್ಟೆ.
ಚಳಿಗೆ ಬೆರಳು ಮರಗಟ್ಟಿತ್ತು.

ತಲೆಯೆತ್ತಿದರೆ, ಸುಲಿದ ಸಿಪ್ಪೆಯನ್ನು ಅದರ ಜಾಗಕ್ಕೇ ಕೂರಿಸಿ
ಫಿಲೊಮೀನ್ ಕೋಟಿನ ಜೇಬಿನಿಂದ ಒಂದು ಪಟ್ಟಿ ತೆಗೆದು,
ನಾಲಗೆಯಲ್ಲಿ ಒದ್ದೆ ಮಾಡಿ, ಸುತ್ತುತ್ತಿದ್ದಳು.
ಯಾವ ವರ್ಷದ್ದೆಂದು ನಾನು ಕೇಳಲಿಲ್ಲ.

ಟೋಮಾ ಆ ತುಂಡನ್ನು ಒಯ್ದು
ಇನ್ನೊಂದು ಎಳೆ ಮರದ ಕವಲಿಗೆ ಕಟ್ಟಿದ.
ಎತ್ತರ ಇಷ್ಟು ಸಾಕೇ, ಎಂದ.
ಒಂದು ಗೇಣು ಮೇಲೆ, ಅಂದಳು.
ಹಿಮ ಇನ್ನೂ ಬೀಳುವುದಿದೆ.